ಐದು ನಿಮಿಷಕ್ಕೊಮ್ಮೆ ಕ್ಷೇಮ ಕೇಳುವ ಬು ಪಾರಿಂತೆನ್

ನಾನು ಆಸ್ಪತ್ರೆಯ ಜನರೇಟರ್ ನೋಡಿಕೊಳ್ಳುವವನು. ಎಣ್ಣೆ, ಹೊಗೆ, ಬೆಲ್ಟು, ಇವೇ ನನ್ನ ಸಂಸಾರ. ಕಂಪ್ಯೂಟರ್ ಮುಂದೆ ಕೂರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮೈ ಬೆವರದೆ ಸಂಬಳ ತೆಗೆದುಕೊಳ್ಳುವ ಜನ ಎಂದು ಅವರ ಎದುರಿಗೇ ಅಂದವನು. ಅಂಥ ಈ ತುಗಿರಾನ್ ಇವತ್ತು ಕಂಪ್ಯೂಟರ್ ಕೋಣೆಯ ಒಬ್ಬ ಹೆಂಗಸಿನ ಬಗ್ಗೆ ಬರೆಯಲು ಕೂತಿದ್ದಾನೆ ಎಂದು ಗೊತ್ತಾದರೆ ನನ್ನ ಹೆಂಡತಿಯೇ ನಗುತ್ತಾಳೆ. ನಗಲಿ. ಬು ಪಾರಿಂತೆನ್ ಬಗ್ಗೆ ಯಾರಾದರೂ ಬರೆಯಬೇಕು, ಬರೆಯಬೇಕಾದವರು ಯಾರೂ ಬರೆಯಲಿಲ್ಲ.

ನಮ್ಮದು ಜಾವಾ ದ್ವೀಪದ ಕುಲೊನ್‌ಪ್ರೊಗೊ ಕಡೆಯ ಜಿಲ್ಲಾ ಆಸ್ಪತ್ರೆ. ಇಲ್ಲಿ ಹಿರಿಯ ಹೆಂಗಸರನ್ನು ‘ಬು’, ಗಂಡಸರನ್ನು ‘ಪಾಕ್’, ಹುಡುಗರನ್ನು ‘ಮಸ್’ ಎಂದು ಕರೆಯುತ್ತೇವೆ. ಬು ಪಾರಿಂತೆನ್ ಅಲ್ಲಿ ಇಪ್ಪತ್ತಾರು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದರು. ಗಂಡ ತೆಂಗಿನ ಮರ ಹತ್ತಿ ನೀರಾ ಇಳಿಸಿ ಬೆಲ್ಲ ಕಾಯಿಸುವವನು. ಮನೆಯಿಂದ ಬರುವಾಗ ಸಮವಸ್ತ್ರದ ಅಂಗಿಗೂ ಚೀಲಕ್ಕೂ ಬೆಲ್ಲದ ವಾಸನೆ ಅಂಟಿಕೊಂಡೇ ಬರುತ್ತದೆ ಎಂದು ನರ್ಸುಗಳು ಛೇಡಿಸುತ್ತಿದ್ದರು. ಆಸ್ಪತ್ರೆಯ ನಾನೂರ ಹನ್ನೆರಡು ಒಳಸಂಖ್ಯೆಗಳೂ ಅವರ ನಾಲಿಗೆಯ ತುದಿಯಲ್ಲಿದ್ದವು. ಪುಸ್ತಕ ತೆಗೆದು ನೋಡಿದ್ದನ್ನು ನಾನಂತೂ ಕಂಡಿಲ್ಲ. ಫೋನ್ ಮಾಡಿದವರು ಮಾತಾಡುವ ಮೊದಲೇ ಅವರ ಉಸಿರು ಕೇಳಿಯೇ ಇದು ಶವಾಗಾರದವರು, ಇದು ಅಡುಗೆಮನೆಯವರು ಎಂದು ಹೇಳುತ್ತಿದ್ದರು.

ಆಮೇಲೆ ಹೊಸ ಫೋನುಗಳು ಬಂದವು. ಯಾರು ಯಾರಿಗೆ ಬೇಕಾದರೂ ನೇರವಾಗಿ ಮಾಡಿಕೊಳ್ಳಬಹುದು, ನಡುವೆ ಮನುಷ್ಯರು ಬೇಡ. ಕರೆಗಳನ್ನು ಜೋಡಿಸುವ ಹಳೆಯ ಬೋರ್ಡನ್ನು ಗುಜರಿಗೆ ಸಾಗಿಸುವ ದಿನ ಅವರು ಒದ್ದೆ ಬಟ್ಟೆಯಿಂದ ಅದನ್ನು ಒಂದು ಗಂಟೆ ಒರೆಸಿದರು. ‘ಗುಜರಿಯವನು ಧೂಳು ಕಂಡರೆ ಬೈತಾನಾ?’ ಎಂದು ನಾನು ರೇಗಿಸಿದೆ. ಅವರು ಒರೆಸುತ್ತಲೇ ಇದ್ದರು. ನನ್ನ ಬಾಯಿಗೆ ಬೀಗ ಹಾಕುವವರು ಆಗ ಇರಲಿಲ್ಲ.

ನಿವೃತ್ತಿಗೆ ಇನ್ನೂ ಐದು ವರ್ಷವಿತ್ತು. ಎಲ್ಲಿ ಹಾಕುವುದೆಂದು ತಿಳಿಯದೆ ಅವರನ್ನು ನೆಟ್‌ವರ್ಕ್ ಕೋಣೆಗೆ ಹಾಕಿದರು, ಅದೂ ಒಂದು ವರ್ಷದ ಮಟ್ಟಿಗೆ. ಕೆಲಸ ಏನೆಂದರೆ, ‘ಇಂಟರ್ನೆಟ್ ಬರ್ತಿಲ್ಲ’ ಎಂದು ಕರೆ ಬಂದರೆ ಎತ್ತಿ ಬರೆದುಕೊಳ್ಳುವುದು. ಕೋಣೆಯ ಯಜಮಾನ ಗಾಲಿಹ್ ಎಂಬ ಹುಡುಗ, ಇಪ್ಪತ್ತೊಂಬತ್ತು ವರ್ಷ, ತುಂಬ ವಿನಯ. ಬಾಗಿಲಲ್ಲಿ ಯಾರು ಬಂದರೂ ಅರ್ಧ ಎದ್ದು ನಿಲ್ಲುವವನು. ಇಂಥವರನ್ನು ಕಂಡರೂ ನನಗೆ ಸಿಟ್ಟು, ಆದರೆ ಅದು ಬೇರೆ ಮಾತು.

ಗೋಡೆಯ ಮೇಲೆ ದೊಡ್ಡ ಪರದೆ. ಅದರಲ್ಲಿ ಆಸ್ಪತ್ರೆಯ ನಕ್ಷೆ, ನಕ್ಷೆಯ ತುಂಬ ಹಸಿರು ಚುಕ್ಕೆಗಳು. ಒಂದು ಚುಕ್ಕೆಗೆ ಒಂದು ಪೆಟ್ಟಿಗೆ. ವಾರ್ಡುಗಳ ಕಂಪ್ಯೂಟರ್ ತಂತಿಗಳೆಲ್ಲ ಬಂದು ಸೇರುವ, ಸದಾ ಮಿಣಮಿಣ ಎನ್ನುವ ಪೆಟ್ಟಿಗೆಗಳು, ಒಟ್ಟು ಅರವತ್ನಾಲ್ಕು. ಮೊದಲ ವಾರವೇ ಅವರು ಗಾಲಿಹ್‌ನನ್ನು ಹಿಡಿದರು. ನಾನು ಅಲ್ಲಿ ಪ್ಲಗ್ಗು ಬದಲಿಸುತ್ತಿದ್ದೆ.

‘ಮಸ್, ಈ ಹಸಿರು ಇದೆಯಲ್ಲ, ಇದು ಹಸಿರು ಅಂತ ಹೇಳಿದ್ದು ಯಾರು?’

‘ಅದು ಎಸ್‌ಎನ್‌ಎಂಪಿ ಅಂತ ಬು. ಅಂದ್ರೆ...’

‘ಹೆಸರು ಬೇಡಪ್ಪ. ಮಾಡೋದೇನು ಹೇಳಿ.’

‘ನಮ್ಮ ಸರ್ವರು ಐದೈದು ನಿಮಿಷಕ್ಕೆ ಪ್ರತಿ ಪೆಟ್ಟಿಗೇನೂ ಮಾತಾಡ್ಸುತ್ತೆ. ಇದೀಯಾ? ಎದ್ದು ಎಷ್ಟು ಹೊತ್ತಾಯ್ತು? ಮೈ ಎಷ್ಟು ಬಿಸಿ ಇದೆ? ಯಾವ ಬಾಗಿಲಲ್ಲಿ ಎಷ್ಟು ಹೋಯ್ತು, ಎಷ್ಟು ಬಂತು? ಪೆಟ್ಟಿಗೆ ಒಳಗೆ ಒಬ್ಬ ಗುಮಾಸ್ತ ಇದಾನೆ ಅಂದ್ಕೊಳಿ. ಅವನು ನೋಡಿ ಹೇಳ್ತಾನೆ.’

‘ಅಯ್ಯೋ, ನಮ್ಮ ಜಿಂಪಿತಾನ್ ಅಲ್ವಾ ಇದು!’ ಎಂದರು ಬು ಪಾರಿಂತೆನ್. ‘ಹೆಸರು ಅಷ್ಟುದ್ದ ಇಟ್ಕೊಂಡು ಮಾಡೋದು ಇಷ್ಟೇನಾ?’

ನಮ್ಮ ಹಳ್ಳಿಗಳಲ್ಲಿ ಪ್ರತಿ ಮನೆಯ ಜಗಲಿಯಲ್ಲೂ ಒಂದು ಪುಟ್ಟ ಡಬ್ಬಿ ತೂಗುತ್ತಿರುತ್ತದೆ. ಮನೆಯವರು ದಿನಾ ಅದರಲ್ಲಿ ಒಂದು ಚಿಟಿಕೆ ಅಕ್ಕಿ ಹಾಕಿಡಬೇಕು. ಗಸ್ತಿನವರು ಮನೆಯಿಂದ ಮನೆಗೆ ಬಂದು ಬಗ್ಗಿಸಿಕೊಂಡು ಹೋಗುತ್ತಾರೆ. ಅಕ್ಕಿ ಊರ ಖರ್ಚಿಗೆ ಎನ್ನುತ್ತಾರೆ, ಅದೊಂದು ನೆಪ. ಡಬ್ಬಿ ಖಾಲಿಯಿದ್ದರೆ ಗಸ್ತಿನವರು ಬಾಗಿಲು ತಟ್ಟಿ ವಿಚಾರಿಸುತ್ತಾರೆ. ಅದಕ್ಕೇ ಜಿಂಪಿತಾನ್ ಇರುವುದು.

‘ಹಂಗಾದ್ರೆ ಕೆಂತೊಂಗಾನ್ ಎಲ್ಲಿ?’ ಎಂದು ಕೇಳಿದರು. ಅಪಾಯ ಬಂದರೆ ಮನೆಯವರೇ ಬಡಿಯುವ ಬಿದಿರಿನ ಕೊಳವೆ ಅದು. ಕಳ್ಳ ಬಂದರೆ ಒಂದು ಬಡಿತ, ಬೆಂಕಿ ಬಿದ್ದರೆ ಇನ್ನೊಂದು.

ಗಾಲಿಹ್ ಮುಖ ಅರಳಿತು. ‘ಅದೂ ಇದೆ ಬು! ಅದಕ್ಕೆ ಟ್ರ್ಯಾಪ್ ಅಂತೀವಿ. ನಾವು ಕೇಳೋ ತನಕ ಕಾಯಲ್ಲ, ಪೆಟ್ಟಿಗೆ ತಾನೇ ಕೂಗುತ್ತೆ.’

‘ಕೂಗಿದ್ದು ಕೇಳಿಸ್ತು ಅಂತ ನೀವು ವಾಪಸ್ ಹೇಳ್ತೀರಾ?’

‘ಇಲ್ಲ. ಒಂದ್ಸಲ ಕೂಗಿ ಸುಮ್ಮನಾಗುತ್ತೆ.’

‘ದಾರೀಲಿ ಕೂಗು ಕಳೆದುಹೋದ್ರೆ?’

ಗಾಲಿಹ್ ತಲೆ ಕೆರೆದುಕೊಂಡ. ‘ಹೋಯ್ತು ಅಷ್ಟೆ.’

‘ಹಂಗಾದ್ರೆ ಡಬ್ಬಿ ನೋಡೋದು ಬಿಡಬಾರದು,’ ಎಂದರು ಅವರು, ಹೊಸ ಸೊಸೆಗೆ ಅಡುಗೆ ಹೇಳಿಕೊಡುವ ಅತ್ತೆಯ ಹಾಗೆ.

ಆಮೇಲೆ ಅವರಿಗೆ ಆ ಸಂಖ್ಯೆಗಳು ಸಿಕ್ಕವು. ಪೆಟ್ಟಿಗೆಗೆ ಕೇಳುವ ಪ್ರತಿ ಪ್ರಶ್ನೆಗೂ ಒಂದು ಉದ್ದನೆಯ ಸಂಖ್ಯೆ ಇದೆಯಂತೆ. ಓದಿದ ಹುಡುಗರು ಅದನ್ನು ಪಟ್ಟಿ ನೋಡಿ ಒತ್ತುತ್ತಾರೆ. ಬು ಪಾರಿಂತೆನ್‌ಗೆ ಅದು ಒಳಸಂಖ್ಯೆ ಇದ್ದ ಹಾಗೆ. ‘ಒಂದು ಮೂರು ಆರು ಒಂದು, ಎರಡು ಒಂದು ಒಂದು ಮೂರು ಸೊನ್ನೆ’ ಎಂದರೆ ‘ಎದ್ದು ಎಷ್ಟು ಹೊತ್ತಾಯಿತು’ ಎಂಬ ಪ್ರಶ್ನೆ. ಉತ್ತರ ಬರುವುದು ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ. ಎಂಬತ್ತಾರು ಲಕ್ಷದ ನಲವತ್ತು ಸಾವಿರ ಆದರೆ ಒಂದು ದಿನ. ಅವರು ಅದನ್ನೆಲ್ಲ ಬಾಯಲ್ಲೇ ಭಾಗಿಸುತ್ತಿದ್ದರು. ಆರು ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಶ್ನೆಗಳು ಬಾಯಿಗೆ ಬಂದವು. ಮಾತು ಶುರುಮಾಡಲು ಒಂದು ಗುಟ್ಟಿನ ಪದ ಹೇಳಬೇಕೆಂದೂ, ಕಾರ್ಖಾನೆಯಿಂದ ಎಲ್ಲ ಪೆಟ್ಟಿಗೆಗೂ ಒಂದೇ ಪದ ಬರುತ್ತದೆಂದೂ, ಅದನ್ನು ನಮ್ಮವರು ಬದಲಿಸಿಯೇ ಇಲ್ಲವೆಂದೂ ತಿಳಿದ ದಿನ ಅವರು ಗಾಲಿಹ್‌ಗೆ ಊಟಕ್ಕೆ ಹೋಗಲು ಬಿಡಲಿಲ್ಲ. ‘ಊರಿನ ಗುಟ್ಟು ಲೋಕಕ್ಕೆಲ್ಲ ಗೊತ್ತಿದ್ರೆ ಗುಟ್ಟು ಹೆಂಗಾಗುತ್ತೆ?’ ಎರಡು ದಿನದಲ್ಲಿ ಅರವತ್ನಾಲ್ಕಕ್ಕೂ ಹೊಸ ಪದ. ಅದು ಏನೆಂದು ನಾನು ಬರೆಯುವುದಿಲ್ಲ, ನನಗೆ ಹೇಳಿಯೂ ಇಲ್ಲ.

ನಾನು ಅವರಿಗೆ ಸೋತದ್ದು ಔಷಧಿ ಅಂಗಡಿಯ ಪೆಟ್ಟಿಗೆಯ ವಿಷಯದಲ್ಲಿ. ಪರದೆಯಲ್ಲಿ ಹಸಿರು, ಆದರೆ ಅವರು ನನ್ನನ್ನು ಕರೆಸಿ, ‘ಪಾಕ್ ತುಗಿರಾನ್, ಅದು ದಿನಾ ಮಧ್ಯಾಹ್ನ ಒಂದ್ಸಲ ಸತ್ತು ಹುಟ್ತಾ ಇದೆ’ ಎಂದರು. ನಾನು ನಕ್ಕೆ. ಅವರು ಬಿಡಿಸಿ ಹೇಳಿದರು: ‘ಹಸಿರು, ಪೆಟ್ಟಿಗೆ ಈಗ ಇದೆ ಅಂತ ಹೇಳುತ್ತೆ. ನಡುವೆ ಬಿದ್ದು ಎದ್ದಿದ್ದು ಹೇಳಲ್ಲ. ಎಷ್ಟು ಹೊತ್ತಿಂದ ಎದ್ದಿದೀಯಾ ಅಂತ ಕೇಳಿದ್ರೆ ದಿನಾ ಸಂಜೇನೂ ಎದ್ದು ನಾಲ್ಕೇ ತಾಸಾಯ್ತು ಅನ್ನುತ್ತೆ.’ ಹೋಗಿ ನೋಡಿದರೆ ಗುಡಿಸುವವಳ ಪೊರಕೆ ದಿನಾ ಪ್ಲಗ್ಗಿಗೆ ತಾಗುತ್ತಿತ್ತು. ಮೂವತ್ತು ವರ್ಷ ಕರೆಂಟಿನ ಕೆಲಸ ಮಾಡಿದವನು ನಾನು, ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮಾರನೆಯ ದಿನ ಅವರಿಗೆ ಮರಗೆಣಸಿನ ಹಿಟ್ಟು ಕರಿದು ಮಾಡುವ ಗೆಬ್ಲೆಕ್ ಬಿಸಿಬಿಸಿಯಾಗಿ ಎರಡು ಪೊಟ್ಟಣ ತಂದುಕೊಟ್ಟೆ. ‘ತಪ್ಪೊಪ್ಪಿಗೆನಾ?’ ಎಂದರು. ‘ತಿಂಡಿ’ ಎಂದೆ.

ಹೀಗೆ ವರ್ಷ ತುಂಬುತ್ತ ಬಂತು. ತಿಂಗಳ ಕೊನೆಗೆ ಅವರನ್ನು ಬಟ್ಟೆ ಉಗ್ರಾಣಕ್ಕೆ ಕಳಿಸುವುದೆಂದು ಆಡಳಿತದವರು ಬರೆದರು. ಹಾಸಿಗೆ ಹೊದಿಕೆ ಎಣಿಸುವ ಕೆಲಸ. ಗಾಲಿಹ್ ಅವರನ್ನು ಇಲ್ಲೇ ಉಳಿಸಿಕೊಡಿ ಎಂದು ಕಾಗದ ಬರೆದು ಡೈರೆಕ್ಟರ ಸಹಿಗೆ ಕಳಿಸಿದ. ಬು ಪಾರಿಂತೆನ್ ತಮ್ಮ ಕುರ್ಚಿಯ ಮೇಲಿನ ದಿಂಬಿನ ಕವರನ್ನು ಮನೆಗೆ ಒಯ್ದು ಒಗೆದು ಮತ್ತೆ ಹಾಕಿದ್ದನ್ನು ನಾನು ನೋಡಿದೆ. ಆ ಕುರ್ಚಿ ಅವರಿಗೆ ಎಷ್ಟು ಬೇಕಾಗಿತ್ತು ಎಂದು ನನಗೆ ಗೊತ್ತಾಯಿತು.

ಕಾಗದ ಡೈರೆಕ್ಟರ ಮೇಜಿನ ಮೇಲಿದ್ದ ಆ ವಾರ, ಬುಧವಾರ, ಅವರು ನಕ್ಷೆಯಲ್ಲಿ ಒಂದು ಚುಕ್ಕೆಯನ್ನು ನೋಡುತ್ತ ಕೂತರು. ಡೈರೆಕ್ಟರ ಕಟ್ಟಡದ ಪೆಟ್ಟಿಗೆ. ಎಲ್ಲ ಚುಕ್ಕೆಗಳ ಪಕ್ಕದ ಅಂಕಿ ಐದು ನಿಮಿಷಕ್ಕೊಮ್ಮೆ ಬದಲಾಗುತ್ತದೆ, ಇದರ ಪಕ್ಕದಲ್ಲಿ ಅಂಕಿಯೇ ಇಲ್ಲ. ಬರೀ ಹಸಿರು.

‘ಮಸ್ ಗಾಲಿಹ್, ಇವರು ಯಾಕೆ ಮಾತಾಡಲ್ಲ?’

ಹುಡುಗನ ಮುಖ ಬಿಳಿಚಿಕೊಂಡಿತು. ಕೊನೆಗೆ ಬಾಯಿಬಿಟ್ಟ. ಆಸ್ಪತ್ರೆಯ ಹುಟ್ಟುಹಬ್ಬದ ದಿನ ಡೈರೆಕ್ಟರು ಭಾಷಣ ಮಾಡುವಾಗ ಅವರ ಫೋನಿಗೆ ಆ ಪೆಟ್ಟಿಗೆಯ ಎಚ್ಚರಿಕೆಗಳು ಸಾಲಾಗಿ ಬಂದು ಕಿಣಿಕಿಣಿ ಎಂದವು. ಅವರು ಫೋನು ನೋಡಿ ಮುಗುಳ್ನಕ್ಕು, ‘ಇವತ್ತು ತುಂಬ ಗಲಾಟೆ’ ಎಂದರಂತೆ. ಅಷ್ಟೆ. ಬೇರೆ ಕಡೆಯಾದರೆ ಇದು ತಮಾಷೆ. ನಮ್ಮ ಜಾವಾದಲ್ಲಿ ದೊಡ್ಡವರು ನಗುತ್ತ ಅಂದ ಇಂಥ ಮಾತಿಗೆ ಕೆಳಗಿನವರು ಮೂರು ದಿನ ನಿದ್ದೆ ಬಿಡುತ್ತಾರೆ. ಗಾಲಿಹ್ ಅವತ್ತೇ ಆ ಪೆಟ್ಟಿಗೆಯನ್ನು ಕ್ಷೇಮ ಕೇಳುವ ಸುತ್ತಿನಿಂದ ತೆಗೆದ. ತೆಗೆದರೆ ಚುಕ್ಕೆ ಬೂದುಬಣ್ಣಕ್ಕೆ ತಿರುಗುತ್ತದೆ. ಡೈರೆಕ್ಟರು ಯಾವಾಗಲಾದರೂ ಕೋಣೆಗೆ ಬಂದರೆ ತಮ್ಮ ಹೆಸರಿನ ಮುಂದೆ ಬೂದು ಕಾಣುವುದು ಅಗೌರವ. ಅದಕ್ಕೆ ಹಸಿರು ಬಣ್ಣ ಬಳಿದಿಟ್ಟ. ಅದಕ್ಕೆ ತಂತಿ ಕೊಡುವ ಮೇಲಿನ ಪೆಟ್ಟಿಗೆ ಚಾಡಿ ಹೇಳದಂತೆ, ಡೈರೆಕ್ಟರ ಕಟ್ಟಡದ ತಂತಿ ಚುಚ್ಚಿದ ಬಾಗಿಲಿನ ಎಚ್ಚರಿಕೆಯನ್ನೂ ನಿಲ್ಲಿಸಿದ.

‘ದೊಡ್ಡವರನ್ನ ಐದೈದು ನಿಮಿಷಕ್ಕೆ ಇದೀರಾ ಇದೀರಾ ಅಂತ ಕೇಳೋದು ಚೆನ್ನಾಗಿರುತ್ತಾ ಬು? ತೊಂದ್ರೆ ಆದ್ರೆ ಪೆಟ್ಟಿಗೆ ತಾನೇ ಕೂಗುತ್ತಲ್ಲ ಅಂದ್ಕೊಂಡೆ.’

ಬು ಪಾರಿಂತೆನ್ ಬೈಯಲಿಲ್ಲ. ಎಚ್ಚರಿಕೆ ನಿಂತಿದ್ದರೂ ಮೇಲಿನ ಪೆಟ್ಟಿಗೆ ಕೇಳಿದ್ದಕ್ಕೆ ಉತ್ತರ ಕೊಡುತ್ತದಲ್ಲ, ಅದಕ್ಕೆ ಕೈಯಾರೆ ಸಂಖ್ಯೆ ಒತ್ತಿ ಕೇಳಿದರು: ಡೈರೆಕ್ಟರ ಕಡೆಯ ಬಾಗಿಲು ಕೊನೆಯ ಬಾರಿ ತೆರೆದದ್ದು ಯಾವಾಗ? ಇವತ್ತು ಬೆಳಿಗ್ಗೆ ಹತ್ತು ಗಂಟೆ ಹದಿನಾಲ್ಕು ನಿಮಿಷ ಎಂದಿತು. ಅದು ಬರೆದುಕೊಳ್ಳುವ ದಿನಚರಿ ತೆಗೆಸಿದರು. ನಿನ್ನೆ ಹತ್ತು ಹನ್ನೊಂದು. ಮೊನ್ನೆ ಹತ್ತು ಹದಿನಾರು. ದಿನಾ ಬೆಳಿಗ್ಗೆ ಆರೇಳು ನಿಮಿಷ ಬಾಗಿಲು ಮುಚ್ಚಿರುತ್ತದೆ. ಡೈರೆಕ್ಟರ ಕಟ್ಟಡದ ಆ ಪೆಟ್ಟಿಗೆಯಿಂದಲೇ ಕೆಳಗಿನ ಹೆರಿಗೆ ವಾರ್ಡಿಗೂ ತಂತಿ ಹೋಗುತ್ತದೆ. ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಡಾಕ್ಟರ ಕೋಣೆಯ ಪರದೆಗೆ ಬರುವುದು ಆ ದಾರಿಯಲ್ಲೇ. ಅವರು ಹೆರಿಗೆ ವಾರ್ಡಿಗೆ ಫೋನ್ ಮಾಡಿದರು.

‘ಹತ್ತು ಗಂಟೆಗೆ ಡಾಕ್ಟರ ಪರದೆ ಏನಾಗುತ್ತೆ ಮಗಳೇ?’

‘ಅದಾ ಬು? ದಿನಾ ಸ್ವಲ್ಪ ಹೊತ್ತು ತೂಕಡಿಸುತ್ತೆ. ತಾನೇ ಎದ್ಕೊಳುತ್ತೆ ಬಿಡಿ. ಡಾಕ್ಟರು ಅಷ್ಟೊತ್ತಿಗೆ ತಿಂಡಿ ತಿನ್ನೋಕೆ ಹೋಗಿರ್ತಾರೆ.’

‘ಯಾರಿಗೂ ಹೇಳ್ಲಿಲ್ವಾ?’

‘ಮೇಲಿನವರ ಕಟ್ಟಡದ್ದು ಬು. ಹೆಂಗೆ ಹೇಳೋದು?’

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಎನ್ನುತ್ತಾರೆ. ನಮ್ಮಲ್ಲಿ ಹೆರಿಗೆ ವಾರ್ಡಿನಲ್ಲೇ ಅದು ನಡೆಯುತ್ತಿತ್ತು.

ಅವರು ನನ್ನನ್ನು ಕರೆಸಿ, ಹತ್ತು ಗಂಟೆಗೆ ಆ ಕಟ್ಟಡದಲ್ಲಿ ಕರೆಂಟಿಗೆ ಏನಾಗುತ್ತದೆ ನೋಡಿ ಬನ್ನಿ ಎಂದರು. ನಾನು ನೆಲ ನೋಡಿದೆ. ಏಕೆಂದರೆ ನೋಡಬೇಕಾಗಿರಲಿಲ್ಲ, ನನಗೆ ಎರಡು ತಿಂಗಳಿಂದ ಗೊತ್ತಿತ್ತು. ಡೈರೆಕ್ಟರ ಕಾರ್ಯದರ್ಶಿ ಟೀ ನೀರು ಕಾಯಿಸುವ ಕೆಟಲನ್ನು ಪೆಟ್ಟಿಗೆಯ ಯುಪಿಎಸ್ ಬ್ಯಾಟರಿಗೆ ಚುಚ್ಚುತ್ತಿದ್ದಳು, ಆ ಸಾಕೆಟ್ಟು ಹತ್ತಿರವಿತ್ತು ಎಂದು. ಮುದಿ ಯುಪಿಎಸ್ಸು ಭಾರ ತಾಳದೆ ಕೀಂಯ್ ಎಂದು ಕಿರುಚಿ ಆರಿಹೋಗುತ್ತಿತ್ತು. ಕಿರುಚಿದರೆ ನೀರು ಕುದಿಯಿತು ಎಂದು ಅವಳ ಲೆಕ್ಕ. ಕೆಟಲ್ ಕಿತ್ತು, ಗುಂಡಿ ಒತ್ತಿ ಯುಪಿಎಸ್ಸನ್ನು ಮತ್ತೆ ಎಬ್ಬಿಸಿ, ಟೀ ಸೋಸುತ್ತಿದ್ದಳು. ನಾನು ಅದನ್ನು ಕಣ್ಣಾರೆ ಕಂಡು, ಡೈರೆಕ್ಟರ ಟೀ ವಿಷಯ ನನಗೇಕೆ ಎಂದು ಮೆಟ್ಟಿಲಿಳಿದು ಬಂದಿದ್ದೆ. ಊರಿಗೆಲ್ಲ ಬುದ್ಧಿ ಹೇಳುವ ತುಗಿರಾನ್!

‘ಅಲ್ಲಾ ಬು, ಕರೆಂಟು ಹೋದ್ರೆ ಪೆಟ್ಟಿಗೆ ಕೂಗ್ಬೇಕಿತ್ತಲ್ಲ?’ ಎಂದ ಗಾಲಿಹ್.

‘ಉಸಿರೇ ನಿಂತೋನು ಹೆಂಗೆ ಕೂಗ್ತಾನಪ್ಪ?’

‘ಎದ್ದ ಮೇಲಾದ್ರೂ...’ ಎಂದವನು ತಾನೇ ನಿಲ್ಲಿಸಿದ. ಎದ್ದ ಕೂಡಲೇ ಅದು ಕೂಗುತ್ತದೆ, ಆದರೆ ಆಗ ದಾರಿಯೇ ಇನ್ನೂ ತೆರೆದಿರುವುದಿಲ್ಲ. ಕೂಗು ಅಲ್ಲೇ ಬಿದ್ದುಹೋಗುತ್ತದೆ.

ಗಾಲಿಹ್ ಕೈ ಹಿಸುಕಿಕೊಂಡ. ‘ಬು, ನಿಮ್ಮ ಕಾಗದ ಅವರ ಮೇಜಿನ ಮೇಲಿದೆ. ಸಹಿ ಆಗ್ಲಿ. ಸೋಮವಾರ ಹೇಳೋಣ. ಈಗ ಹೇಳಿದ್ರೆ ಅವರಿಗೆ ಮುಖಭಂಗ, ನಿಮಗೆ ಉಗ್ರಾಣ.’

ಅವರು ಬೆರಳು ಮಡಿಸಿದರು. ‘ಗುರುವಾರ, ಶುಕ್ರವಾರ, ಶನಿವಾರ. ಸೋಮವಾರದೊಳಗೆ ಇನ್ನೂ ಮೂರು ಹತ್ತು ಗಂಟೆ ಇದೆ ಮಸ್.’

ಗುರುವಾರ ಒಂಬತ್ತೂ ಮುಕ್ಕಾಲಿಗೆ ಬು ಪಾರಿಂತೆನ್ ಮತ್ತು ನಾನು ಡೈರೆಕ್ಟರ ಮುಂದೆ ಕೂತಿದ್ದೆವು. ಡೈರೆಕ್ಟರು ಪಾಕ್ ಹಪ್ಸೊರೊ ಒಳ್ಳೆಯವರೇ, ಮೆತ್ತಗೆ ಮಾತಾಡುವವರು. ಅದೇ ಕಷ್ಟ. ಬು ಪಾರಿಂತೆನ್ ತಲೆ ತಗ್ಗಿಸಿ ಶುರುಮಾಡಿದರು. ಕ್ಷಮಿಸಬೇಕು ಪಾಕ್, ಹೊತ್ತು ಹಾಳುಮಾಡುತ್ತಿದ್ದೇವೆ ಪಾಕ್, ಅಮ್ಮಾವ್ರ ಆರೋಗ್ಯ ಹೇಗಿದೆ ಪಾಕ್. ಗೋಡೆ ಗಡಿಯಾರ ಓಡುತ್ತಿತ್ತು, ಮಾತು ಇನ್ನೂ ಹೊಸಿಲಲ್ಲೇ ಇತ್ತು. ಡೈರೆಕ್ಟರು ನಕ್ಕು ಕಾರ್ಯದರ್ಶಿಯತ್ತ ತಿರುಗಿ, ‘ಇವರಿಗೂ ಟೀ ಮಾಡಮ್ಮ’ ಎಂದರು. ಅವಳು ಕೆಟಲ್ ಎತ್ತಿಕೊಂಡಳು.

ಬು ಪಾರಿಂತೆನ್ ಎದ್ದು ನಿಂತರು.

‘ಟೀ ಬೇಡ ಪಾಕ್.’

ದೊಡ್ಡವರ ಮನೆಯಲ್ಲಿ ಕೊಟ್ಟ ಟೀ ಬೇಡ ಎಂದ ಮನುಷ್ಯರನ್ನು ನಾನು ಅದುವರೆಗೆ ಕಂಡಿರಲಿಲ್ಲ. ವಿಷವಾದರೂ ಒಂದು ಗುಟುಕು ತುಟಿಗೆ ಮುಟ್ಟಿಸಬೇಕು. ಡೈರೆಕ್ಟರ ನಗು ಹಾಗೇ ನಿಂತಿತು.

‘ಆ ಕೆಟಲ್ ಚುಚ್ಚೋದು ಬೇಡಮ್ಮ, ಕೆಳಗಿಡು. ಪಾಕ್, ಅದು ಚುಚ್ಚಿದ್ರೆ ಕೆಳಗೆ ಹೆರಿಗೆ ವಾರ್ಡಿನ ಪರದೆ ಕಪ್ಪಾಗುತ್ತೆ. ದಿನಾ ಆಗ್ತಾ ಇದೆ.’ ಆಮೇಲೆ ಎಲ್ಲ ಹೇಳಿದರು, ಒಂದೂ ಕ್ಷಮಿಸಬೇಕು ಇಲ್ಲದೆ. ‘ನಮ್ಮೂರಲ್ಲಿ ಒಬ್ಬ ಅಜ್ಜ ಇದ್ದ ಪಾಕ್, ಒಬ್ಬನೇ. ಜಗಲೀಲಿ ಕೆಂತೊಂಗಾನ್ ಇತ್ತು. ಬಿದ್ದು ಸೊಂಟ ಮುರ್ಕೊಂಡಾಗ ಅದು ಅವನ ಕೈಗೆ ಸಿಗ್ಲಿಲ್ಲ. ಬದುಕಿದ್ದು ಡಬ್ಬಿ ಖಾಲಿ ಇತ್ತು ಅಂತ. ನಿಮ್ಮ ಕಟ್ಟಡದ ಡಬ್ಬಿ ನಾವು ನೋಡೋದೇ ಬಿಟ್ಟಿದೀವಿ. ನೀವು ದೊಡ್ಡವರು ಅಂತ.’

‘ಎಷ್ಟು ದಿನದಿಂದ?’

‘ತೊಂಬತ್ತೇಳು ದಿನ ಪಾಕ್.’

‘ಹಸಿರು ಬಳಿದಿದ್ದು ಯಾರು?’

‘ನಾವು,’ ಎಂದರು ಬು ಪಾರಿಂತೆನ್. ಗಾಲಿಹ್ ಹೆಸರು ಬಾಯಿಂದ ಬರಲಿಲ್ಲ.

‘ಕೆಟಲ್ ನಾನು ಎರಡು ತಿಂಗಳ ಹಿಂದೆನೇ ನೋಡಿದ್ದೆ ಪಾಕ್’ ಎಂದುಬಿಟ್ಟೆ. ಈ ಹೆಂಗಸಿನ ಪಕ್ಕದಲ್ಲಿ ಕೂತು ಸುಮ್ಮನಿರಲು ನನಗೆ ನಾಚಿಕೆಯಾಯಿತು.

ಡೈರೆಕ್ಟರು ಎದ್ದು ಕೆಳಗೆ ಹೆರಿಗೆ ವಾರ್ಡಿಗೆ ಹೋದರು. ಆಮೇಲೆ ನೆಟ್‌ವರ್ಕ್ ಕೋಣೆಗೆ ಬಂದರು, ಕೈಯಲ್ಲಿ ಆ ಕಾಗದ ಹಿಡಿದುಕೊಂಡೇ. ಗಾಲಿಹ್ ಈ ಸಲ ಪೂರ್ತಿ ಎದ್ದು ನಿಂತು, ಬಳಿದದ್ದು ತಾನೇ ಎಂದು ತಾನಾಗೇ ಹೇಳಿದ. ಅವರು ತಲೆಯಾಡಿಸಿ ನಕ್ಷೆ ನೋಡಿದರು.

‘ಬು, ಈ ಕಾಗದಕ್ಕೆ ನಾನು ಸಹಿ ಹಾಕಲ್ಲ.’

ಬು ಪಾರಿಂತೆನ್ ಕೈ ದಿಂಬಿನ ಮೇಲೆ ಹೋಯಿತು. ತೆಗೆದುಕೊಂಡು ಹೊರಡುತ್ತಾರೆ ಎಂದುಕೊಂಡೆ. ನನ್ನ ಕೆಲಸ ಹೋದರೂ ಸರಿ ಎಂದು ಬಾಯಿ ತೆರೆದೆ.

‘ಇದ್ರಲ್ಲಿ ಫೋನ್ ಎತ್ತೋ ಸಹಾಯಕಿ ಅಂತ ಬರೆದಿದೆ,’ ಎಂದರು ಡೈರೆಕ್ಟರು. ‘ಫೋನ್ ಎತ್ತೋರು ನನ್ನ ಟೀ ನಿಲ್ಸಲ್ಲ. ಇಡೀ ಆಸ್ಪತ್ರೆ ಕ್ಷೇಮ ವಿಚಾರಿಸೋರು ಅಂತ ಬರೀರಿ. ನಿವೃತ್ತಿ ತನಕ. ನನ್ನ ನಂಬರು ಎಚ್ಚರಿಕೆ ಪಟ್ಟೀಲಿ ಮೊದಲಿಗೆ ಹಾಕಿ, ಎಷ್ಟು ಗಲಾಟೆ ಆದ್ರೂ ಸರಿ.’

ಸಂಜೆಯೊಳಗೆ ಹೊಸ ಕಾಗದ ಬಂತು. ಯುಪಿಎಸ್ಸನ್ನು ನಾನೇ ಬದಲಿಸಿದೆ, ಕೆಟಲಿಗೆ ಬೇರೆ ಗೋಡೆಯಲ್ಲಿ ಸಾಕೆಟ್ಟು ಹಾಕಿಕೊಟ್ಟೆ. ಬು ಪಾರಿಂತೆನ್ ಕಾಗದವನ್ನು ಮೂರು ಸಲ ಓದಿ ಚೀಲದಲ್ಲಿಟ್ಟುಕೊಂಡು, ಅಳುವುದಕ್ಕೆ ಹೊರಗೆ ಹೋದರು. ನಾನು ನೋಡದವನಂತೆ ಪ್ಲಗ್ಗು ತಿರುಗಿಸುತ್ತ ಕೂತೆ. ನನ್ನ ಕಣ್ಣೂ ಒದ್ದೆಯಾಗಿತ್ತು, ಹೇಳಲು ನಾಚಿಕೆಯಿಲ್ಲ.

ಎರಡು ವಾರ ಕಳೆದು ಒಂದು ಬೆಳಿಗ್ಗೆ ಅವರ ಮೇಜಿನ ಫೋನು ಹೊಡೆದುಕೊಂಡಿತು. ನಾನು ಅಲ್ಲೇ ಇದ್ದೆ. ಅತ್ತಲಿಂದ ಉಸಿರು ಕೇಳುತ್ತಲೇ ಅವರು ನೆಟ್ಟಗೆ ಕೂತರು, ಅಷ್ಟರಲ್ಲೇ ಯಾರೆಂದು ನನಗೂ ತಿಳಿಯಿತು. ಡೈರೆಕ್ಟರ ಮೆತ್ತನೆಯ ದನಿ ನನ್ನ ತನಕ ಕೇಳುತ್ತಿತ್ತು.

‘ಬು, ನಮ್ಮ ಕಟ್ಟಡಕ್ಕೆ ತಂತಿ ಬದಲಾಯಿಸೋಕೆ ಬರ್ತಿದಾರೆ. ಹನ್ನೊಂದು ಗಂಟೆಗೆ ಕರೆಂಟು ತೆಗೀತಾರಂತೆ. ನಿಮಗೆ ಮೊದಲೇ ಹೇಳೋಣ ಅಂತ ಮಾಡ್ದೆ. ಆಗ್ಬಹುದಾ?’

ಮೂವತ್ತು ವರ್ಷದಲ್ಲಿ ಮೇಲಿನವರು ಕೆಳಗಿನವರಿಗೆ ಫೋನ್ ಮಾಡಿ ಆಗಬಹುದೇ ಎಂದು ಕೇಳಿದ್ದನ್ನು ನಾನು ಕೇಳಿರಲಿಲ್ಲ. ಬು ಪಾರಿಂತೆನ್ ಗಡಿಯಾರ ನೋಡಿದರು, ಪೆನ್ನು ತೆಗೆದರು.

‘ಮೊದಲು ಹೆರಿಗೆ ವಾರ್ಡಿಗೆ ಬೇರೆ ದಾರಿ ಮಾಡ್ಕೊಡ್ತೀವಿ ಪಾಕ್. ಅದಾದ ಮೇಲೆ ನಾನೇ ಫೋನ್ ಮಾಡ್ತೀನಿ. ಅಲ್ಲೀವರೆಗೆ ತೆಗೀಬೇಡಿ,’ ಎಂದರು.

‘ಸರಿ ಬು,’ ಎಂದರು ಡೈರೆಕ್ಟರು, ‘ಕಾಯ್ತೀನಿ.’